ಹೊಸ ಲ್ಯಾಪ್‌ಟಾಪ್, ಹಳೇ ಮಾನಿಟರ್: ವಾಪಸ್ ಕೊಡುವ ಮೊದಲು ಹಬ್ ತೆಗೆದು ನೋಡಿ

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಓದಿದೆ, ಅದರ ಕೆಳಗೆ ಬಂದ ಉತ್ತರಗಳನ್ನೂ ಓದಿದೆ. ಒಬ್ಬರು ಲ್ಯಾಪ್‌ಟಾಪ್ ವಾಪಸ್ ಕೊಡಿ ಅಂದಿದ್ದಾರೆ. ಇನ್ನೊಬ್ಬರು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿ ಅಂದಿದ್ದಾರೆ. ನನ್ನ ಪ್ರಕಾರ ಸದ್ಯಕ್ಕೆ ಎರಡೂ ಬೇಡ.

ನೀವು ಹೇಳಿದ್ದು ಇಷ್ಟು. ಲ್ಯಾಪ್‌ಟಾಪ್ ಹೊಸದು, ವಿಂಡೋಸ್ 11. ಮಾನಿಟರ್ ಹಳೆಯದು, 27 ಇಂಚು, 4ಕೆ. ನಡುವೆ ಒಂದು ಯುಎಸ್‌ಬಿ-ಸಿ ಹಬ್ (ಲ್ಯಾಪ್‌ಟಾಪಿನ ಒಂದು ಪೋರ್ಟನ್ನು ಹಲವು ಪೋರ್ಟ್ ಮಾಡುವ ಪುಟ್ಟ ಪೆಟ್ಟಿಗೆ), ಅಲ್ಲಿಂದ ಮಾನಿಟರಿಗೆ ಎಚ್‌ಡಿಎಂಐ ಕೇಬಲ್. ಮೌಸ್ ಆಡಿಸಿದರೆ ತಡವರಿಸುತ್ತದೆ. ಫೋಟೋ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದು ಮಾನಿಟರಿನಲ್ಲಿ ಪೇಲವವಾಗಿ ಕಾಣುತ್ತದೆ. ಸ್ಲೀಪ್‌ನಿಂದ ಎಬ್ಬಿಸಿದಾಗ ಕೆಲವು ಸಲ ಮಾನಿಟರ್ 'ನೋ ಸಿಗ್ನಲ್' ಅಂದು ಕಪ್ಪಾಗುತ್ತದೆ. ಹಳೇ ಲ್ಯಾಪ್‌ಟಾಪಿಗೆ ಹಾಕಿದಾಗ ಇದೇ ಮಾನಿಟರ್ ಚೆನ್ನಾಗಿಯೇ ಇತ್ತು, ಹಾಗಾಗಿ ಹೊಸ ಲ್ಯಾಪ್‌ಟಾಪೇ ಸರಿ ಇಲ್ಲ ಅನ್ನುವುದು ನಿಮ್ಮ ಅನುಮಾನ.

ಆದರೆ ಲ್ಯಾಪ್‌ಟಾಪ್ ಜೊತೆಗೆ ಇನ್ನೊಂದು ವಸ್ತುವೂ ಹೊಸದಾಗಿ ಬಂದಿದೆ, ಆ ಹಬ್. ಹಳೇ ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ನೇರವಾಗಿ ಹೋಗುತ್ತಿತ್ತು ಅಲ್ವಾ? ಹಾಗಾಗಿ ಮೊದಲು ಹಬ್ ತೆಗೆದು ಪಕ್ಕಕ್ಕಿಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಪೋರ್ಟ್ ಇದೆ ಅಂತ ನೀವೇ ಬರೆದಿದ್ದೀರಿ. ಹಳೇ ಕೇಬಲನ್ನೇ ಅದಕ್ಕೆ ಹಾಕಿ ನೋಡಿ. ಡ್ರೈವರ್, ಸೆಟ್ಟಿಂಗ್ಸ್ ಯಾವುದನ್ನೂ ಇನ್ನೂ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮೂರು ಒಟ್ಟಿಗೆ ಬದಲಾಯಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತು ಅಂತ ತಿಳಿಯುವುದಿಲ್ಲ.

ಈಗ ಮೌಸ್ ವಿಷಯ. ಇದು ಲ್ಯಾಪ್‌ಟಾಪ್ ನಿಧಾನವಾಗಿರುವುದಲ್ಲ. ಪರದೆ ಸೆಕೆಂಡಿಗೆ 60 ಸಲ ಬದಲಾಗುವ ಬದಲು 30 ಸಲ ಬದಲಾಗುತ್ತಿದೆ, ಬಹುತೇಕ ಖಚಿತ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಕೊನೆಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಹೋಗಿ. ಮೇಲ್ಗಡೆ ಹೊರಗಿನ ಮಾನಿಟರನ್ನು ಆರಿಸಿಕೊಂಡು ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. 30 ಹರ್ಟ್ಜ್ ಅಂತ ಇದ್ದು, ಪಟ್ಟಿಯಲ್ಲಿ 60 ಕೂಡ ಇದ್ದರೆ ಆರಿಸಿಕೊಳ್ಳಿ, ಕೆಲಸ ಮುಗಿಯಿತು. 60 ಇಲ್ಲವೇ ಇಲ್ಲ ಅಂದರೆ ದಾರಿಯಲ್ಲಿ ಎಲ್ಲೋ ಇಕ್ಕಟ್ಟಾಗಿದೆ ಅಂತ ಅರ್ಥ.

ಆ ಇಕ್ಕಟ್ಟು ಎಲ್ಲಿ ಅಂತ ತಿಳಿಯಲು ಸ್ವಲ್ಪ ಲೆಕ್ಕ ಬೇಕು. 4ಕೆ ಅಂದರೆ ಪರದೆಯಲ್ಲಿ 3840 ಚುಕ್ಕಿ (ಪಿಕ್ಸೆಲ್) ಅಡ್ಡ, 2160 ಉದ್ದ. ಅದನ್ನು ಸೆಕೆಂಡಿಗೆ 60 ಸಲ ಕಳಿಸಬೇಕಾದರೆ ಚಿತ್ರದ ಡೇಟಾ ಒಂದೇ ಸುಮಾರು 12 ಗಿಗಾಬಿಟ್ ಆಗುತ್ತದೆ. ಎಚ್‌ಡಿಎಂಐ 1.4 ಕಾಗದದ ಮೇಲೆ 10.2 ಗಿಗಾಬಿಟ್, ನಿಜವಾಗಿ ಚಿತ್ರಕ್ಕೆ ಸಿಗುವುದು 8ರ ಆಸುಪಾಸು. ಅದರಲ್ಲಿ 4ಕೆ ಚಿತ್ರ 30 ಹರ್ಟ್ಜ್‌ಗೆ ನಿಲ್ಲುತ್ತದೆ. ಎಚ್‌ಡಿಎಂಐ 2.0 ಆದರೆ 18 ಗಿಗಾಬಿಟ್, 60 ಆರಾಮಾಗಿ ಹೋಗುತ್ತದೆ. ಸಾಧಾರಣ ಹಬ್‌ಗಳ ಡಬ್ಬಿಯ ಮೇಲೆ '4ಕೆ' ಅಂತ ದೊಡ್ಡದಾಗಿ ಇರುತ್ತದೆ, '30 ಹರ್ಟ್ಜ್' ಅನ್ನುವುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ. ನಿಮ್ಮ ಹಬ್‌ನ ಡಬ್ಬಿ ಇನ್ನೂ ಇದ್ದರೆ ಒಂದು ಸಲ ತಿರುಗಿಸಿ ನೋಡಿ.

ಇನ್ನೊಂದು ಸೂಕ್ಷ್ಮ ಇದೆ. ಯುಎಸ್‌ಬಿ-ಸಿ ಕೇಬಲಿನೊಳಗೆ ವೇಗದ ಡೇಟಾಗೆ ನಾಲ್ಕು ಲೇನ್ ಇರುತ್ತವೆ. ಹಬ್‌ನಲ್ಲಿ ವೇಗದ ಯುಎಸ್‌ಬಿ ಪೋರ್ಟ್‌ಗಳೂ ಇದ್ದರೆ ಸಾಮಾನ್ಯವಾಗಿ ಎರಡು ಲೇನ್ ಅವಕ್ಕೆ, ಉಳಿದ ಎರಡು ಮಾತ್ರ ಚಿತ್ರಕ್ಕೆ. ಯುಎಸ್‌ಬಿ-ಸಿಯಲ್ಲಿ ಚಿತ್ರ ಹೋಗುವುದು ಡಿಸ್‌ಪ್ಲೇಪೋರ್ಟ್ ಅನ್ನುವ, ಎಚ್‌ಡಿಎಂಐನಂಥದ್ದೇ ಇನ್ನೊಂದು ಪದ್ಧತಿಯಲ್ಲಿ. ಲ್ಯಾಪ್‌ಟಾಪ್ ಮತ್ತು ಹಬ್ ಎರಡೂ ಡಿಸ್‌ಪ್ಲೇಪೋರ್ಟ್ 1.4 ಬಲ್ಲವಾದರೆ ಎರಡೇ ಲೇನ್‌ನಲ್ಲೂ 4ಕೆ 60 ದಾಟುತ್ತದೆ. ಒಂದು 1.2ರಲ್ಲಿ ನಿಂತಿದ್ದರೂ 30ಕ್ಕೆ ಇಳಿಯುತ್ತದೆ.

ಹಬ್ ತೆಗೆದ ಮೇಲೂ 30 ಅಂತಲೇ ಬಂದರೆ ಮಾನಿಟರಿನ ಕಡೆ ತಿರುಗಿ. ಮಾನಿಟರ್ ಬಟನ್ ಒತ್ತಿ ಅದರದೇ ಮೆನುವಿನಲ್ಲಿ ಹುಡುಕಿ. ಎಚ್‌ಡಿಎಂಐ 1.4 ಅಥವಾ 2.0 ಅಂತ ಆರಿಸುವ ಜಾಗ ಕೆಲವು ಮಾನಿಟರುಗಳಲ್ಲಿ ಇರುತ್ತದೆ. ಕೆಲವದರಲ್ಲಿ ಹೆಸರು ಬೇರೆ, ಡೀಪ್ ಕಲರ್ ಅಂತಲೋ ಅಲ್ಟ್ರಾ ಎಚ್‌ಡಿ ಕಲರ್ ಅಂತಲೋ ಇರಬಹುದು. ಹಳೇ 4ಕೆ ಮಾನಿಟರುಗಳಲ್ಲಿ ಎಚ್‌ಡಿಎಂಐ ಪೋರ್ಟೇ 1.4 ಆಗಿರುವುದೂ ಉಂಟು. ಹಾಗಿದ್ದರೆ ಎಚ್‌ಡಿಎಂಐನಲ್ಲಿ ಎಷ್ಟು ಹೆಣಗಿದರೂ ಪ್ರಯೋಜನವಿಲ್ಲ, ಡಿಸ್‌ಪ್ಲೇಪೋರ್ಟ್‌ಗೆ ಹೋಗಲೇಬೇಕು. ನಿಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಸರಿಯಾಗಿತ್ತು ಅಂದಿರಿ, ಆದರೆ ಅದು 4ಕೆ ಕಳಿಸುತ್ತಿತ್ತೋ ಇಲ್ಲಾ 1920 x 1080 ಮಾತ್ರ ಕಳಿಸುತ್ತಿತ್ತೋ? ಎರಡನೆಯದಾದರೆ ಈ ತೊಂದರೆ ಆಗ ಕಾಣಿಸಿಕೊಳ್ಳಲು ಅವಕಾಶವೇ ಇರಲಿಲ್ಲ.

ನನ್ನ ಸಲಹೆ ಕೇಳಿದರೆ, ಒಂದು ತುದಿ ಯುಎಸ್‌ಬಿ-ಸಿ, ಇನ್ನೊಂದು ತುದಿ ಡಿಸ್‌ಪ್ಲೇಪೋರ್ಟ್ ಇರುವ ಒಂದೇ ಕೇಬಲ್ ತಗೊಳ್ಳಿ. ಹಬ್ ಬೇಡ, ಅಡಾಪ್ಟರ್ ಬೇಡ. ಡಿಸ್‌ಪ್ಲೇಪೋರ್ಟ್ 1.2 ಇದ್ದರೂ 4ಕೆ 60 ಸಲೀಸು. ಹಬ್ ಅನ್ನು ಕೀಬೋರ್ಡ್, ಕಾರ್ಡ್ ರೀಡರ್‌ಗೆ ಬೇರೆ ಪೋರ್ಟ್‌ನಲ್ಲಿ ಇಟ್ಟುಕೊಳ್ಳಿ. ತಗೊಳ್ಳುವಾಗ ಒಂದು ಎಚ್ಚರ: ಈ ಕೇಬಲುಗಳಲ್ಲಿ ಹೆಚ್ಚಿನವು ಒಮ್ಮುಖ. ಲ್ಯಾಪ್‌ಟಾಪಿನ ಯುಎಸ್‌ಬಿ-ಸಿಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟ್‌ಗೆ ಹೋಗುವಂಥದ್ದೇ ಅಂತ ವಿವರ ಓದಿ ಖಚಿತ ಮಾಡಿಕೊಳ್ಳಿ.

ಎರಡು ಯುಎಸ್‌ಬಿ-ಸಿ ಪೋರ್ಟ್ ಇದ್ದರೆ ಎರಡೂ ಒಂದೇ ಅಂದುಕೊಳ್ಳಬೇಡಿ. ನೋಡಲು ಒಂದೇ ಥರ, ಒಳಗೆ ಬೇರೆ. ಪಕ್ಕದಲ್ಲಿ ಡಿ ಮತ್ತು ಪಿ ಸೇರಿದಂಥ ಗುರುತೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಇದ್ದರೆ ಅದು ಚಿತ್ರ ಕಳಿಸುತ್ತದೆ. ಬ್ಯಾಟರಿ ಗುರುತು ಮಾತ್ರ ಇದ್ದರೆ ಅದು ಚಾರ್ಜಿಂಗ್‌ನ ವಿಷಯ ಹೇಳುತ್ತದೆ, ಚಿತ್ರದ್ದಲ್ಲ. ಗುರುತೇ ಇಲ್ಲದಿದ್ದರೆ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿ ಆ ಪೋರ್ಟ್‌ಗೆ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಇದೆಯಾ ಅಂತ ನೋಡಿ. ಮಾನಿಟರಿನಲ್ಲೇ ಯುಎಸ್‌ಬಿ-ಸಿ ಇರುವವರು ಇನ್ನೊಂದು ತಿಳಿದಿರಬೇಕು. ಫೋನ್ ಚಾರ್ಜರ್ ಜೊತೆ ಬರುವ ಕೇಬಲುಗಳಲ್ಲಿ ಬಹಳಷ್ಟು ಯುಎಸ್‌ಬಿ 2.0, ಅದರಲ್ಲಿ ಚಿತ್ರದ ತಂತಿಗಳೇ ಇರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಪರದೆ ಮಾತ್ರ ಕಪ್ಪು.

ಬಣ್ಣದ ವಿಷಯಕ್ಕೆ ಬರೋಣ. ನಾವೆಲ್ಲ ಫೋಟೋ ಎಡಿಟ್ ಮಾಡುವವರು, ನಮಗೆ ಮುಖ್ಯವಾದದ್ದು ಇದೇ. ಪೇಲವ ಬಣ್ಣಕ್ಕೆ ಮೂರು ಕಾರಣ ಇರಬಹುದು, ಮೂರನ್ನೂ ಬೇರೆ ಬೇರೆಯಾಗಿ ನೋಡಿ.

ಮೊದಲನೆಯದು ಎಚ್‌ಡಿಎಂಐನಿಂದ ಬರುವ ಕಿರಿಕಿರಿ. ಲ್ಯಾಪ್‌ಟಾಪ್ ಕೆಲವು ಸಲ ಮಾನಿಟರನ್ನು ಟಿವಿ ಅಂದುಕೊಳ್ಳುತ್ತದೆ. ಆಗ ಕಪ್ಪಿಗೆ 0 ಬದಲು 16, ಬಿಳಿಗೆ 255 ಬದಲು 235 ಕಳಿಸುತ್ತದೆ. ಮಾನಿಟರ್ 0ಯಿಂದ 255 ಬರುತ್ತದೆ ಅಂತ ಕಾಯುತ್ತಿರುತ್ತದೆ. ಹಾಗಾಗಿ ಕಪ್ಪು ಬೂದಿ ಬಣ್ಣಕ್ಕೆ ತಿರುಗಿ ಇಡೀ ಫೋಟೋ ಮೇಲೆ ಮಂಜು ಕವಿದಂತೆ ಕಾಣುತ್ತದೆ. ಎನ್‌ವಿಡಿಯಾ ಇದ್ದರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಚೇಂಜ್ ರೆಸಲ್ಯೂಷನ್' ಒಳಗೆ ಔಟ್‌ಪುಟ್ ಡೈನಮಿಕ್ ರೇಂಜ್ ಇದೆ, 'ಫುಲ್' ಮಾಡಿ. ಎಎಂಡಿಯಲ್ಲಿ ಪಿಕ್ಸೆಲ್ ಫಾರ್ಮ್ಯಾಟ್ ಅನ್ನು ಫುಲ್ ಆರ್‌ಜಿಬಿಗೆ ತನ್ನಿ. ಇಂಟೆಲ್‌ನಲ್ಲಿ ಕ್ವಾಂಟೈಸೇಶನ್ ರೇಂಜ್ ಅನ್ನುವ ಹೆಸರು. ಅಲ್ಲೇ ಫಾರ್ಮ್ಯಾಟ್ ವೈಸಿಬಿಸಿಆರ್ 4:2:2 ಅಥವಾ 4:2:0 (ಬಣ್ಣದ ವಿವರ ಕಡಿತ ಮಾಡಿ ಕಳಿಸುವ ಬಗೆ) ಇದ್ದರೆ ಆರ್‌ಜಿಬಿಗೆ ಬದಲಾಯಿಸಿ. ಬಣ್ಣದ ಅಕ್ಷರಗಳ ಅಂಚು ಕದಡಿದ ಹಾಗೆ ಕಾಣುವುದಕ್ಕೂ ಇದೇ ಕಾರಣ. ಡಿಸ್‌ಪ್ಲೇಪೋರ್ಟ್‌ನಲ್ಲಿ ಈ ತಾಪತ್ರಯ ತುಂಬಾ ಕಡಿಮೆ.

ಎರಡನೆಯದು ಎಚ್‌ಡಿಆರ್, ಅಂದರೆ ಬೆಳಕು ಮತ್ತು ಕಪ್ಪಿನ ಅಂತರ ಹೆಚ್ಚಾಗಿ ತೋರಿಸುವ ವಿಧಾನ. ವಿಂಡೋಸ್‌ನಲ್ಲಿ ಅದು ಆನ್ ಆಗಿದ್ದು, ಮಾನಿಟರ್ ಹೆಸರಿಗೆ ಮಾತ್ರ ಎಚ್‌ಡಿಆರ್ ಆಗಿದ್ದರೆ ಎಲ್ಲವೂ ಸಪ್ಪೆ. ವಿಂಡೋಸ್ ಕೀ, ಆಲ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿದರೆ ಆನ್ ಆಫ್ ಆಗುತ್ತದೆ. ನೈಟ್ ಲೈಟ್ ಕೂಡ ಆಫ್ ಇದೆಯಾ ನೋಡಿಕೊಳ್ಳಿ.

ಮೂರನೆಯದು ಸ್ವಲ್ಪ ಕಹಿ. ನಿಮ್ಮ ಮಾನಿಟರ್ ಸರಿಯಾಗಿಯೇ ತೋರಿಸುತ್ತಿರಬಹುದು, ಹೊಸ ಲ್ಯಾಪ್‌ಟಾಪಿನ ಪರದೆಯೇ ಜಾಸ್ತಿ ರಂಗು ತೋರಿಸುತ್ತಿರಬಹುದು. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ, ಅದರಲ್ಲೂ ಓಲೆಡ್ ಇರುವವುಗಳಲ್ಲಿ, ಪರದೆ ಎಸ್‌ಆರ್‌ಜಿಬಿಗಿಂತ (ಸಾಮಾನ್ಯ ಪರದೆಗಳ ಬಣ್ಣದ ಮಾನದಂಡ) ಅಗಲವಾದ ಬಣ್ಣದ ವ್ಯಾಪ್ತಿ ಹೊಂದಿರುತ್ತದೆ. ಕೆಂಪು, ಹಸಿರು ಎದ್ದು ಹೊಡೆಯುತ್ತವೆ. ಅದನ್ನು ನೋಡಿದ ಕಣ್ಣಿಗೆ ಸಾಧಾರಣ ಎಸ್‌ಆರ್‌ಜಿಬಿ ಮಾನಿಟರ್ ಪೇಲವ ಅನ್ನಿಸುತ್ತದೆ. ಹಾಗಂತ ಮಾನಿಟರಿನ ಸ್ಯಾಚುರೇಷನ್ ಏರಿಸಬೇಡಿ. ಏರಿಸಿ ಎಡಿಟ್ ಮಾಡಿದ ಫೋಟೋ ಬೇರೆಯವರ ಫೋನಿನಲ್ಲಿ ಸತ್ತುಹೋದಂತೆ ಕಾಣುತ್ತದೆ. ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆಯುವ ಸಾಧನ) ಇರುವ ಗೆಳೆಯರು ಇದ್ದರೆ ಎರಡೂ ಪರದೆಗೆ ಪ್ರೊಫೈಲ್ ಮಾಡಿಸಿಕೊಳ್ಳಿ. ಅದಾಗುವವರೆಗೆ ಲ್ಯಾಪ್‌ಟಾಪ್ ಪರದೆಗೆ ಎಸ್‌ಆರ್‌ಜಿಬಿ ಮೋಡ್ ಇದ್ದರೆ ಅದನ್ನು ಹಾಕಿಕೊಂಡು ಹೋಲಿಸಿ.

ಮೊದಲನೆಯದೋ ಮೂರನೆಯದೋ ಅಂತ ಗುರುತಿಸುವುದು ಸುಲಭ. ಪೂರ್ತಿ ಕಪ್ಪು ಚಿತ್ರವೊಂದನ್ನು ಪರದೆ ತುಂಬ ತೆರೆಯಿರಿ. ಅದು ಬೂದಿಯಾಗಿ ಕಂಡು, ರೇಂಜ್ ಬದಲಾಯಿಸಿದ ಕೂಡಲೇ ಕಪ್ಪಾದರೆ ಮೊದಲನೆಯದು. ಕಪ್ಪು ಸರಿ ಇದ್ದು ರಂಗು ಮಾತ್ರ ಕಡಿಮೆ ಅನ್ನಿಸಿದರೆ ಮೂರನೆಯದು.

ಅಕ್ಷರ ಮಸುಕು ಅಂತಲೂ ಒಂದು ಕಡೆ ಬರೆದಿದ್ದೀರಿ. ರೆಸಲ್ಯೂಷನ್ 3840 x 2160 ಇರಲಿ, ಅಕ್ಷರ ಸಣ್ಣದಾದರೆ ಸ್ಕೇಲ್ ಅನ್ನು 150 ಪರ್ಸೆಂಟ್ ಮಾಡಿ. ಅಕ್ಷರ ದೊಡ್ಡದಾಗಲಿ ಅಂತ ರೆಸಲ್ಯೂಷನ್ ಇಳಿಸುವುದು ತಪ್ಪು ದಾರಿ. ಆಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ, ಕೆಲವು ಹಳೇ ಸಾಫ್ಟ್‌ವೇರ್ ಆಗಲೇ ಸರಿಹೋಗುವುದು.

ಇನ್ನು ಸ್ಲೀಪ್. ಇದಕ್ಕೆ ನಾನು ಮೊದಲು ದೂರುವುದು ಮಾನಿಟರಿನ ಆಟೋ ಇನ್‌ಪುಟ್ ಅನ್ನು. ಲ್ಯಾಪ್‌ಟಾಪ್ ಏಳುವಷ್ಟರಲ್ಲಿ ಮಾನಿಟರ್ ಎಲ್ಲಾ ಇನ್‌ಪುಟ್ ಹುಡುಕಿ ಏನೂ ಸಿಗದೆ ಮಲಗಿರುತ್ತದೆ. ಮೆನುವಿನಲ್ಲಿ ಆಟೋ ತೆಗೆದು ನೀವು ಬಳಸುವ ಪೋರ್ಟನ್ನೇ ಕಾಯಂ ಮಾಡಿ. ಡೀಪ್ ಸ್ಲೀಪ್ ಅಂತ ಇದ್ದರೆ ಅದನ್ನೂ ಆಫ್ ಮಾಡಿ. ಪರದೆ ಕಪ್ಪಾಗಿಯೇ ಇದ್ದಾಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿ. ಅದು ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಎಬ್ಬಿಸುತ್ತದೆ, ತೆರೆದಿಟ್ಟ ಕೆಲಸ ಏನೂ ಹೋಗುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಮಾನಿಟರಿನ ಕರೆಂಟ್ ವೈರ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ಬಟನ್ ಒತ್ತಿ ಆಫ್ ಮಾಡುವುದು ಸಾಲದು, ಒಳಗಿನ ಬೋರ್ಡ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ಡ್ರೈವರ್. ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಯಲಿ, ಆಮೇಲೆ ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದಲೇ ಗ್ರಾಫಿಕ್ಸ್ ಡ್ರೈವರ್ ಮತ್ತು ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಹಾಕಿ. ಬಯಾಸ್ ಹಾಕುವಾಗ ಚಾರ್ಜರ್ ಹಾಕಿಯೇ ಇರಬೇಕು. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಎರಡರ ಡ್ರೈವರೂ ಬೇಕು. ಎಷ್ಟೋ ಮಾಡೆಲುಗಳಲ್ಲಿ ಎಚ್‌ಡಿಎಂಐ ಪೋರ್ಟ್ ಒಂದು ಚಿಪ್‌ಗೆ, ಯುಎಸ್‌ಬಿ-ಸಿ ಇನ್ನೊಂದಕ್ಕೆ ಸೇರಿರುತ್ತದೆ.

ಆಗಾಗ ಒಂದು ಕ್ಷಣ ಪರದೆ ಕಪ್ಪಾಗಿ ಮತ್ತೆ ಬರುತ್ತದೆ ಅಂತ ಇನ್ನೊಬ್ಬರು ಕೇಳಿದ್ದರು. ನಗಬೇಡಿ, ನೀವು ಕುರ್ಚಿಯಿಂದ ಎದ್ದಾಗ ಹಾಗಾಗುತ್ತಾ ಗಮನಿಸಿ. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಗಳಿಂದ ಎದ್ದಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿ ಕಳಪೆ ಕೇಬಲಿನ ಸಿಗ್ನಲ್ ತಪ್ಪಿಸುವುದು ನಿಜ. ಚೆನ್ನಾಗಿ ಶೀಲ್ಡ್ ಮಾಡಿದ, ಉದ್ದ ಕಡಿಮೆ ಇರುವ ಕೇಬಲ್ ಹಾಕಿದರೆ ಬಹುತೇಕ ನಿಲ್ಲುತ್ತದೆ.

ಮ್ಯಾಕ್‌ಬುಕ್ ಏರ್‌ಗೆ ಹಬ್ ಮೂಲಕ ಎರಡು ಮಾನಿಟರ್ ಹಾಕಿದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ ಅಂದವರಿಗೆ: ಅದು ಕೆಟ್ಟಿರುವುದಲ್ಲ. ಎಂ1, ಎಂ2 ಚಿಪ್ ಇರುವ ಏರ್‌ಗಳಿಗೆ ಒಂದೇ ಹೊರಗಿನ ಮಾನಿಟರ್ ಮಿತಿ. ಎಂ3ರಲ್ಲಿ ಮುಚ್ಚಳ ಮುಚ್ಚಿದರೆ ಎರಡು, ಎಂ4ರಲ್ಲಿ ತೆರೆದಿದ್ದರೂ ಎರಡು. ಆದರೆ ಒಂದೇ ಸಿಗ್ನಲನ್ನು ಎಂಎಸ್‌ಟಿಯಿಂದ ಎರಡಾಗಿ ಒಡೆಯುವ ಹಬ್‌ಗಳಲ್ಲಿ ಮ್ಯಾಕ್ ಎರಡಕ್ಕೂ ಒಂದೇ ಚಿತ್ರ ಕೊಡುತ್ತದೆ. ಡಿಸ್‌ಪ್ಲೇಲಿಂಕ್ ಡಾಕ್ (ಚಿತ್ರವನ್ನು ಯುಎಸ್‌ಬಿ ಡೇಟಾ ಆಗಿ ಕಳಿಸುವ ಹಬ್) ಹಾಕಿ ದಾಟಬಹುದು, ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು.

ಸರ್, ಲ್ಯಾಪ್‌ಟಾಪ್ ನಿಜಕ್ಕೂ ಕೆಟ್ಟಿದೆಯಾ ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಮಾನಿಟರ್ ಹಾಕಿಕೊಂಡೇ ರೀಸ್ಟಾರ್ಟ್ ಮಾಡಿ ಬಯಾಸ್ ಒಳಗೆ ಹೋಗಿ. ಅಲ್ಲಿ ಮಾನಿಟರಿನಲ್ಲಿ ಚಿತ್ರ ಬಂದು ಅಲುಗಾಡದೆ ನಿಂತರೆ ಪೋರ್ಟ್, ಕೇಬಲ್, ಮಾನಿಟರ್ ಮೂರೂ ಬಹುಮಟ್ಟಿಗೆ ಸರಿ, ತೊಂದರೆ ವಿಂಡೋಸ್ ಕಡೆಯದು. ಬರದಿದ್ದರೆ ಮಾತ್ರ ಅದನ್ನೇ ಪುರಾವೆ ಮಾಡಬೇಡಿ, ಕೆಲವು ಮಾಡೆಲುಗಳು ಬಯಾಸ್ ಅನ್ನು ಸ್ವಂತ ಪರದೆಯಲ್ಲಷ್ಟೇ ತೋರಿಸುತ್ತವೆ. ನೇರ ಎಚ್‌ಡಿಎಂಐ, ಬೇರೆ ಕೇಬಲ್, ಬೇರೆ ಮಾನಿಟರ್, ಮೂರರಲ್ಲೂ ಅದೇ ತೊಂದರೆ ಬಂದರೆ ಆಗ ಲ್ಯಾಪ್‌ಟಾಪ್ ವಾಪಸ್ ಕೊಡುವ ಮಾತು. ವಾಪಸ್ ಅವಧಿ ಎಂದು ಮುಗಿಯುತ್ತದೆ ಅಂತ ಬಿಲ್ ನೋಡಿಟ್ಟುಕೊಳ್ಳಿ, ಪರೀಕ್ಷೆ ಅದರೊಳಗೆ ಮುಗಿಸಿ.

ಹಬ್ ಇಲ್ಲದೆ ಹಾಕಿದಾಗ ಅಡ್ವಾನ್ಸ್ಡ್ ಡಿಸ್‌ಪ್ಲೇ ಏನು ತೋರಿಸುತ್ತದೋ ಅದರ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ. ಜೊತೆಗೆ ಲ್ಯಾಪ್‌ಟಾಪ್ ಮತ್ತು ಮಾನಿಟರಿನ ಪೂರ್ತಿ ಮಾಡೆಲ್ ನಂಬರ್, ಮಾನಿಟರಿನ ಹಿಂಭಾಗದ ಪೋರ್ಟ್‌ಗಳ ಫೋಟೋ. ಪೋರ್ಟ್ ಯಾವ ವರ್ಷನ್ ಅಂತ ನೋಡಿ, ಯಾವ ಕೇಬಲ್ ತಗೊಳ್ಳಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಹೊಸದೇನೂ ಕೊಳ್ಳಬೇಡಿ.