ಯುವ ಸಲಹಾ ಮಂಡಳಿಗೆ ಯಾರನ್ನು ಆರಿಸಬೇಕು?

ಪ್ರಶ್ನೆ: ನಮ್ಮ ನಾಗರಿಕ ಸಂಘಗಳು ಸೇರಿ ಹುಬ್ಬಳ್ಳಿ-ಧಾರವಾಡಕ್ಕೊಂದು ಯುವ ಸಲಹಾ ಮಂಡಳಿ ರಚಿಸಬೇಕೆಂದಿವೆ. ಕಾಲೇಜುಗಳಿಂದ ಹೆಸರು ತರಿಸಿಕೊಂಡರೆ ಸಾಲದೇ?
– ಓದುಗರೊಬ್ಬರು, ವಿದ್ಯಾನಗರ

ಉತ್ತರ: ಸಾಲದು. ಕಾಲೇಜಿನವರು ಸಾಮಾನ್ಯವಾಗಿ ಭಾಷಣ ಸ್ಪರ್ಧೆಯಲ್ಲಿ ಗೆದ್ದವರ ಹೆಸರನ್ನೇ ಕಳಿಸುತ್ತಾರೆ. ಅಮರಗೋಳದ ಎಪಿಎಂಸಿಯಲ್ಲಿ ಲೆಕ್ಕ ಬರೆಯುವ ಹುಡುಗನಾಗಲಿ, ನಸುಕಿನಲ್ಲಿ ನಳದ ನೀರಿಗೆ ಕಾದು ಆಮೇಲೆ ಧಾರವಾಡದ ತರಗತಿಗೆ ಬಸ್ಸು ಹಿಡಿಯುವ ಹುಡುಗಿಯಾಗಲಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಪಾಲಿಕೆಯ 82 ವಾರ್ಡುಗಳಿಂದಲೂ ಅರ್ಜಿ ಕರೆಯಿರಿ. ಅಂಕಪಟ್ಟಿಯ ಬದಲು, ತಮ್ಮ ಓಣಿಯ ಒಂದು ತೊಂದರೆಯನ್ನೂ ಅದಕ್ಕಾಗಿ ತಾವು ಮಾಡಿದ್ದನ್ನೂ ಒಂದು ಪುಟದಲ್ಲಿ ಬರೆದುಕೊಡಲು ಹೇಳಿರಿ. ಪಾಲಿಕೆಯ ಚುನಾವಣೆಗೆ ನಿಲ್ಲಲು 21 ವರ್ಷ ತುಂಬಿರಬೇಕಾದ್ದರಿಂದ, ಅದಕ್ಕಿಂತ ಚಿಕ್ಕವರಿಗೆ ಅರ್ಧದಷ್ಟಾದರೂ ಸ್ಥಾನ ಮೀಸಲಿಡುವುದು ನ್ಯಾಯ. ಅಭ್ಯರ್ಥಿಯ ಬಂಧುಗಳು ಆಯ್ಕೆ ಸಮಿತಿಯಲ್ಲಿದ್ದರೆ, ಆ ಸಂದರ್ಶನ ಮುಗಿಯುವವರೆಗೆ ಹೊರಗೆ ಕೂಡಲಿ (ಇದನ್ನು ಮೊದಲೇ ನಿಯಮವಾಗಿ ಬರೆದಿಡುವುದು ಲೇಸು).