ಜಗ್ಗುವ ಆಟೊಮ್ಯಾಟಿಕ್ ಗೇರ್: ಇಳಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ತೋಟದ ಓಡಾಟಕ್ಕೆಂದು ಕಳೆದ ವರ್ಷ ಡಬಲ್ ಕ್ಯಾಬಿನ್‌ನ ಡೀಸೆಲ್ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಆರು ಗೇರಿನ ಆಟೊಮ್ಯಾಟಿಕ್, ಫೋರ್ ವೀಲ್ ಡ್ರೈವ್. ಮೀಟರ್ 96,000 ಕಿ.ಮೀ. ತೋರಿಸುತ್ತಿದೆ. ಬೆಳಗಿನ ಹೊತ್ತು ಗೇರು ನಯವಾಗಿಯೇ ಬೀಳುತ್ತದೆ. ಆದರೆ ಗೊಬ್ಬರದ ಮೂಟೆ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ, ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಗಾಡಿ ಬಲವಾಗಿ ಜಗ್ಗುತ್ತದೆ. ಆಮೇಲೆ ಗಂಟೆಗೆ 60–70 ಕಿ.ಮೀ. ವೇಗದಲ್ಲಿ ಸಣ್ಣ ನಡುಕ ಬರುತ್ತದೆ. ನಿಂತು ಹೊರಡುವಾಗ ಅಡಿಯಿಂದ ‘ಟಕ್’ ಎಂಬ ಸದ್ದೂ ಇದೆ. ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕು ಎನ್ನುತ್ತಾರೆ. ಮಾರಿದವರನ್ನು ಕೇಳಿದರೆ ಅದರ ಆಯಿಲ್ ಜೀವಮಾನದ್ದು, ಬದಲಿಸುವ ಮಾತೇ ಇಲ್ಲ ಎಂದರು. ಏನು ಮಾಡಲಿ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ನೀವು ಮೂರು ತೊಂದರೆಗಳನ್ನು ಹೇಳಿದ್ದೀರಿ, ಮೆಕ್ಯಾನಿಕ್ ಅವನ್ನು ಒಂದೇ ಕಾಯಿಲೆಯೆಂದು ಕೇಳಿಸಿಕೊಂಡಂತಿದೆ. ಅವುಗಳಿಗೆ ಬೇರೆ ಬೇರೆ ಕಾರಣಗಳಿರುವ ಸಾಧ್ಯತೆಯೇ ಹೆಚ್ಚು, ಅವುಗಳ ಪೈಕಿ ಒಂದಕ್ಕಂತೂ ಗೇರ್‌ಬಾಕ್ಸ್‌ನ ಸಂಬಂಧವೇ ಇಲ್ಲದಿರಬಹುದು. ಇಳಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ.

ಮೊದಲು ‘ಟಕ್’ ಸದ್ದನ್ನು ನೋಡೋಣ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ, ಆಕ್ಸಲ್ ಏರಿಳಿದಂತೆ ಉದ್ದವನ್ನು ಹೊಂದಿಸಿಕೊಳ್ಳಲು ಜಾರುವ ಜೋಡಣೆಯೊಂದಿರುತ್ತದೆ. ಅದರ ಹಲ್ಲುಗಳಲ್ಲಿ ಗ್ರೀಸ್ ಒಣಗಿದ್ದರೆ, ಗಾಡಿ ನಿಂತು ಹೊರಡುವಾಗ ಅದು ಸಿಕ್ಕಿಕೊಂಡು ಒಮ್ಮೆಲೇ ಜಾರಿ ಸದ್ದು ಮಾಡುತ್ತದೆ. ಶಾಫ್ಟಿನ ಕೀಲಾದ ಯು.ಜೆ. ಕ್ರಾಸ್ ಸವೆದಿದ್ದರೂ, ಗೇರ್‌ಬಾಕ್ಸ್‌ನ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಹೀಗೆಯೇ ಆಗುತ್ತದೆ. ಸಮತಟ್ಟು ಜಾಗದಲ್ಲಿ ಎಂಜಿನ್ ಆರಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ಎರಡೂ ಕಡೆಗೆ ತಿರುಗಿಸಿ ನೋಡಿದರೆ ಕ್ರಾಸ್ ಸಡಿಲವಾಗಿದೆಯೇ ಎಂಬುದು ತಿಳಿಯುತ್ತದೆ. ತೋಟದ ಕೆಸರಿನಿಂದ ಡಾಂಬರು ರಸ್ತೆಗೆ ಬಂದ ಮೇಲೂ ಗಾಡಿ ಫೋರ್ ಹೈನಲ್ಲಿಯೇ, ಅಂದರೆ ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಸ್ಥಿತಿಯಲ್ಲಿಯೇ, ಉಳಿದಿರುವುದುಂಟು. ಇಂಥ ಬಹುಪಾಲು ಪಿಕಪ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಇರುವುದಿಲ್ಲವಾದ್ದರಿಂದ, ಒಣ ರಸ್ತೆಯ ತಿರುವುಗಳಲ್ಲಿ ಶಾಫ್ಟುಗಳು ಬಿಗಿದುಕೊಂಡು ಗಾಡಿ ಜಗ್ಗುತ್ತದೆ. ಆ ಅಪವಾದವೂ ಪಾಪ, ಗೇರ್‌ಬಾಕ್ಸ್‌ನ ತಲೆಗೇ ಬರುತ್ತದೆ.

ಇನ್ನು ನಡುಕ. ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ನಡುವೆ ಟಾರ್ಕ್ ಕನ್ವರ್ಟರ್ ಆಯಿಲ್‌ನ ಮೂಲಕ ಬಲವನ್ನು ದಾಟಿಸುತ್ತದೆ. ಆಯಿಲ್ ಸ್ವಲ್ಪ ಜಾರುವುದರಿಂದ ಡೀಸೆಲ್ ವ್ಯರ್ಥವಾಗುತ್ತದೆ. ಅದನ್ನು ತಪ್ಪಿಸಲು, ಒಂದೇ ವೇಗದಲ್ಲಿ ಸಾಗುವಾಗ ಅದರೊಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಬೆಸೆಯುತ್ತದೆ. ಆ ಕ್ಲಚ್ ಸವೆದಾಗ ಅಥವಾ ಆಯಿಲ್ ಗುಣ ಕಳೆದುಕೊಂಡಾಗ ಅದು ಹಿಡಿದು ಬಿಡುತ್ತ, ಹೆದ್ದಾರಿಯ ಉಬ್ಬುಪಟ್ಟಿಗಳ ಮೇಲೆ ಹೋದಂತೆ ನಡುಗಿಸುತ್ತದೆ. ಹಿಂದೆ ಯಾವ ವಾಹನವೂ ಇಲ್ಲದ ನೇರ ರಸ್ತೆಯಲ್ಲಿ, ನಡುಕ ಬಂದಾಗ ಆಕ್ಸಿಲರೇಟರ್ ಬಿಡದೆ, ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ಬ್ರೇಕನ್ನು ಮುಟ್ಟಿರಿ. ಸಾಮಾನ್ಯವಾಗಿ ಆಗ ಲಾಕ್‌ಅಪ್ ಬಿಟ್ಟುಕೊಳ್ಳುತ್ತದೆ. ನಡುಕ ಥಟ್ಟನೆ ನಿಂತರೆ ದೋಷ ಆ ಕ್ಲಚ್ಚಿನದು ಅಥವಾ ಆಯಿಲ್‌ನದು. ನಿಲ್ಲದಿದ್ದರೆ ಇಂಜೆಕ್ಟರ್, ಶಾಫ್ಟ್, ಚಕ್ರಗಳ ಕಡೆ ನೋಡಬೇಕು.

ನಿಜವಾಗಿ ಯೋಚಿಸಬೇಕಾದದ್ದು ಎರಡರಿಂದ ಮೂರಕ್ಕೆ ಹೋಗುವಾಗಿನ ಜಗ್ಗಾಟದ ಬಗ್ಗೆ. ಬೆಳಿಗ್ಗೆ ಇಲ್ಲದ್ದು ಬಿಸಿಯಾದ ಮೇಲೆ ಬರುತ್ತದೆ ಎಂಬ ನಿಮ್ಮ ಮಾತು ಇಡೀ ಪತ್ರದಲ್ಲಿ ಅತ್ಯಂತ ಉಪಯುಕ್ತವಾದದ್ದು. ಬಿಸಿಯಾದಂತೆ ಆಯಿಲ್ ತೆಳುವಾಗುತ್ತದೆ; ಆಯಿಲ್‌ನ ಒತ್ತಡವನ್ನು ಹಂಚುವ ವಾಲ್ವ್ ಬಾಡಿಯ ಸವೆದ ವಾಲ್ವುಗಳ ಸಂದುಗಳಲ್ಲಿ ಅದು ಸೋರಿ, ಗೇರು ಹಿಡಿಯುವ ಒಳಗಿನ ಕ್ಲಚ್ಚನ್ನು ಒತ್ತಬೇಕಾದ ಒತ್ತಡ ತಡವಾಗಿ ಬರುತ್ತದೆ. ಜಗ್ಗುವ ಕ್ಷಣದಲ್ಲಿ ಆರ್‌ಪಿಎಂ ಮುಳ್ಳನ್ನು ಗಮನಿಸಿ. ಮುಳ್ಳು ಒಮ್ಮೆ ಮೇಲಕ್ಕೆ ಹಾರಿ ಆಮೇಲೆ ಗಾಡಿ ಜಗ್ಗಿದರೆ ಕ್ಲಚ್ ಜಾರಿ ಹಿಡಿಯುತ್ತಿದೆ ಎಂದರ್ಥ. ಮುಳ್ಳು ಹಾರದೆ ನೇರವಾಗಿ ಹೊಡೆದಂತಾದರೆ ಒತ್ತಡ ಬೇಕಾದುದಕ್ಕಿಂತ ಹೆಚ್ಚಿರಬಹುದು, ಮತ್ತು ಅದಕ್ಕೆ ಕಾರಣ ಎಂಜಿನ್ನಿನಲ್ಲೂ ಇರಬಹುದು: ಗೇರ್‌ಬಾಕ್ಸ್‌ನ ಕಂಪ್ಯೂಟರ್ ಎಂಜಿನ್ ಎಷ್ಟು ಬಲ ಕೊಡುತ್ತಿದೆ ಎಂಬ ಲೆಕ್ಕದ ಮೇಲೆ ಒತ್ತಡವನ್ನು ನಿರ್ಧರಿಸುತ್ತದೆ, ಟರ್ಬೊ ಹೋಸ್ ಸೀಳಿದ್ದರೆ ಅಥವಾ ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿದ್ದರೆ ಆ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಓದಬಲ್ಲ ಸ್ಕ್ಯಾನರ್ ಇರುವ ಕಡೆಗೆ ಹೋಗಿ. ಪಿ0700 ಎಂದು ಬಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಬೇರೊಂದು ಕೋಡ್ ಇದೆ ಎಂದಷ್ಟೇ ಅರ್ಥ. ಪಿ0741 ಲಾಕ್‌ಅಪ್‌ಗೂ ಪಿ0730 ಗೇರಿನ ಅನುಪಾತ ತಪ್ಪಿದ್ದಕ್ಕೂ ಸಂಬಂಧಿಸಿದವು. ಕೋಡ್ ಬರಲಿಲ್ಲವೆಂದ ಮಾತ್ರಕ್ಕೆ ದೋಷವಿಲ್ಲವೆನ್ನಲಾಗದು.

ಆಯಿಲ್ ಜೀವಮಾನದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭಾರ ಹೊತ್ತು ಘಾಟಿ ಹತ್ತುವುದು ಕಠಿಣ ಬಳಕೆ. ಬದಲಿಸಿದ ದಾಖಲೆಯಿಲ್ಲದೆ 96,000 ಕಿ.ಮೀ. ಓಡಿದ ಆಯಿಲ್ ತನ್ನ ಕೆಲಸ ಮುಗಿಸಿದೆ ಎಂದೇ ತಿಳಿಯಬೇಕು. ಈಗಿನ ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಡಿಪ್‌ಸ್ಟಿಕ್ ಇರುವುದಿಲ್ಲ. ಗಾಡಿ ಸಮತಲದಲ್ಲಿದ್ದು, ಎಂಜಿನ್ ಓಡುತ್ತಿದ್ದು, ಆಯಿಲ್‌ನ ತಾಪ ತಯಾರಕರು ಹೇಳಿದ ಮಿತಿಯಲ್ಲಿರುವಾಗ ಪ್ಲಗ್ ತೆಗೆದು ಮಟ್ಟ ನೋಡಬೇಕು. ಬಿಸಿ ಹೆಚ್ಚಿದ್ದರೆ ಆಯಿಲ್ ಹಿಗ್ಗಿ ಮಟ್ಟ ತಪ್ಪಾಗಿ ಕಾಣುತ್ತದೆ. ಕಂದುಬಣ್ಣ ಒಂದರಿಂದಲೇ ಗಾಬರಿಯಾಗಬೇಕಿಲ್ಲ, ಆದರೆ ಸುಟ್ಟ ವಾಸನೆ ಕೆಟ್ಟ ಸೂಚನೆ. ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ರೇಡಿಯೇಟರಿನೊಳಗೆ ಆಯಿಲ್ ಕೂಲರ್ ಇರುವ ಗಾಡಿಗಳಲ್ಲಿ ಅದು ತೂತಾಗಿರಬಹುದು, ಅಥವಾ ಬಿಸಿಯಾದ ಗೇರ್‌ಬಾಕ್ಸ್ ಹಳ್ಳದ ನೀರಿಗಿಳಿದಾಗ ಗಾಳಿಯಾಡುವ ಬ್ರೀದರ್ ಕೊಳವೆಯಿಂದ ನೀರನ್ನು ಒಳಗೆಳೆದುಕೊಂಡಿರಬಹುದು. ಹಳ್ಳ ದಾಟುವ ತೋಟದ ಗಾಡಿಗೆ ಇದು ಅಪರೂಪವೇನಲ್ಲ.

ಆಯಿಲ್ ಬದಲಿಸುವಾಗ ತಯಾರಕರು ಹೆಸರಿಸಿದ ದರ್ಜೆಯದನ್ನೇ ಹಾಕಿಸಿ. ಒಮ್ಮೆ ಆಯಿಲ್ ಬಸಿದರೆ ಕನ್ವರ್ಟರಿನೊಳಗಿನದು ಉಳಿದುಕೊಳ್ಳುವುದರಿಂದ, ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ಬದಲಿಸಬೇಕಾಗುತ್ತದೆ. ದಾಖಲೆಯಿಲ್ಲದ ಗೇರ್‌ಬಾಕ್ಸ್‌ಗೆ ಯಂತ್ರದಿಂದ ಒತ್ತಡ ಹಾಕಿ ಫ್ಲಶ್ ಮಾಡಿಸಬೇಡಿ. ಗೇರ್‌ಬಾಕ್ಸ್‌ನ ಅಡಿಯ ಆಯಿಲ್ ತಟ್ಟೆ (ಸಂಪ್) ಬಿಚ್ಚುವಾಗ ಎದುರಿಗೇ ನಿಂತು ಅದರ ಅಯಸ್ಕಾಂತವನ್ನು ನೋಡಿ. ಬೂದುಬಣ್ಣದ ನುಣ್ಣನೆಯ ಲೇಪ ಸಹಜ. ಲೋಹದ ಚೂರುಗಳೋ ಕಪ್ಪು ಹಕ್ಕಳೆಗಳೋ ಸಿಕ್ಕಿದರೆ, ಆರ್‌ಪಿಎಂ ಮುಳ್ಳೂ ಹಾರುತ್ತಿದ್ದರೆ, ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ. ಸವೆದ ಕ್ಲಚ್ಚನ್ನು ಹೊಸ ಆಯಿಲ್ ಮರಳಿ ತರಲಾರದು. ಅಲ್ಲಿಯವರೆಗೆ ಘಾಟಿಯಲ್ಲಿ ಭಾರ ಕಡಿಮೆ ಮಾಡಿ, ಮ್ಯಾನ್ಯುಯಲ್ ಮೋಡ್‌ನಲ್ಲಿ ಎರಡನೆಯ ಗೇರನ್ನೇ ಹಿಡಿದು ಹತ್ತಿರಿ. ಎರಡು ಮೂರರ ನಡುವೆ ಅದು ತೂಗಾಡಿದಷ್ಟೂ ಬಿಸಿಯೇರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಹಳೆಯ ಆಟೊಮ್ಯಾಟಿಕ್ ಪಿಕಪ್ ಕೊಳ್ಳುವವನಿದ್ದಾನೆ. ಪರೀಕ್ಷೆ ಹೇಗೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಂಜಿನ್ ತಣ್ಣಗಿರುವಾಗಲೇ ನೋಡಲು ಹೋಗಲಿ, ಪೂರ್ತಿ ಬಿಸಿಯಾಗುವವರೆಗೂ ಓಡಿಸಲಿ. ಅಲ್ಲಿ 1996ರಿಂದೀಚಿನ ಹಗುರ ವಾಹನಗಳ ಮಾದರಿಗಳಲ್ಲಿ, ದೋಷಗಳನ್ನು ಕೋಡ್ ಆಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ಸಣ್ಣ ಸ್ಕ್ಯಾನರ್ ಸಾಕು. ಕೋಡ್ ಇಲ್ಲದೆ, ಗಾಡಿಯ ಕಂಪ್ಯೂಟರ್ ನಡೆಸುವ ಸ್ವಯಂಪರೀಕ್ಷೆಗಳು ಮಾತ್ರ ಅಪೂರ್ಣ ಎಂದು ತೋರಿಸಿದರೆ, ಯಾರೋ ಇತ್ತೀಚೆಗೆ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು. ಹಿಂಬದಿಯ ಟ್ರೇಲರ್ ಕೊಂಡಿ ಸವೆದಿದ್ದರೆ, ಏನನ್ನು ಎಷ್ಟು ದೂರ ಎಳೆದದ್ದು, ಆಯಿಲ್ ಬದಲಿಸಿದ ರಸೀದಿ ಎಲ್ಲಿ ಎಂದು ಕೇಳಿಯೇ ಬೆಲೆ ಮಾತಾಡಲಿ.