ಬೀಟ್‌ರೂಟ್ ಜ್ಯೂಸಾ, ಬೆಲ್ಲದುಂಡೆನಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಹೋದ್ ತಿಂಗಳು ಬ್ಲಡ್ ಟೆಸ್ಟ್ ಮಾಡಿಸಿದ್ರೆ ಹೀಮೋಗ್ಲೋಬಿನ್ 9.4 ಬಂತು. ಅವತ್ತಿಂದ ದಿನಾ ಬೀಟ್‌ರೂಟ್ ಜ್ಯೂಸ್ ಕುಡೀತಿದೀನಿ. ನಮ್ಮತ್ತೆ ಮಾತ್ರ ಅದೆಲ್ಲಾ ಬೇಡ, ಊಟ ಆದ್ಮೇಲೆ ಒಂದ್ ತುಂಡು ಬೆಲ್ಲ ಬಾಯಿಗೆ ಹಾಕ್ಕೋ ಸಾಕು ಅಂತಾರೆ. ಯಾವುದ್ರಲ್ಲಿ ಸತ್ವ ಜಾಸ್ತಿ?
– ಓದುಗರು, ಅರಸೀಕೆರೆ

ಉತ್ತರ: ಕಬ್ಬಿಣಾಂಶ ಒಂದನ್ನೇ ನೋಡಿದ್ರೆ ನಿಮ್ಮತ್ತೆನೇ ಗೆದ್ರು. 100 ಗ್ರಾಂ ಬೀಟ್‌ರೂಟಲ್ಲಿ ಕಬ್ಬಿಣ ಇರೋದು ಬರೀ 0.8 ಮಿ.ಗ್ರಾಂ, ಅಷ್ಟೇ ಬೆಲ್ಲದಲ್ಲಿ 3ರಿಂದ 5 ಮಿ.ಗ್ರಾಂ ತನಕ ಸಿಗುತ್ತೆ, ಅದೂ ಆಲೆಮನೆಯಲ್ಲಿ ಯಾವ ಕೊಪ್ಪರಿಗೆಲಿ ಕಾಯಿಸಿದ್ರು ಅನ್ನೋದರ ಮೇಲೆ ಹೆಚ್ಚುಕಮ್ಮಿ ಆಗ್ತಿರುತ್ತೆ. ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧನೇ ಇಲ್ಲ, ಅದು ಬೀಟಾಲೈನ್ ಅನ್ನೋ ವರ್ಣದ್ರವ್ಯ, ಕೆಲವರಿಗೆ ಮೂತ್ರನೂ ಕೆಂಪಗೆ ಬಂದು ಗಾಬರಿ ಆಗೋದು ಅದ್ರಿಂದಾನೇ.

ಆದ್ರೆ 100 ಗ್ರಾಂ ಬೆಲ್ಲ ಯಾರ್ ತಿಂತಾರೆ ಹೇಳಿ? ಊಟ ಆದ್ಮೇಲೆ ಬಾಯಿಗೆ ಹಾಕ್ಕೊಳ್ಳೋ ತುಂಡು 10 ಗ್ರಾಂ ಇದ್ರೆ ಹೆಚ್ಚು, ಅದ್ರಲ್ಲಿ ಅರ್ಧ ಮಿ.ಗ್ರಾಂ ಕಬ್ಬಿಣನೂ ದಾಟಲ್ಲ. ನಿಮ್ಮ ವಯಸ್ಸಿನ ಹೆಣ್ಮಕ್ಕಳಿಗೆ ದಿನಕ್ಕೆ 29 ಮಿ.ಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ, ಅಷ್ಟನ್ನೂ ಬೆಲ್ಲದಿಂದಾನೇ ತುಂಬಿಸ್ತೀನಿ ಅಂದ್ರೆ ಅರ್ಧ ಕೆಜಿಗಿಂತ ಮೇಲೆ ತಿನ್ಬೇಕು, ಆಮೇಲೆ ಶುಗರ್ ಡಾಕ್ಟರ್ ಹತ್ರನೂ ಹೋಗ್ಬೇಕಾಗುತ್ತೆ!

ಕಬ್ಬಿಣ ಬಿಟ್ಟು ಉಳಿದಿದ್ದು ನೋಡಿದ್ರೆ ಬೀಟ್‌ರೂಟೇ ಮುಂದೆ. ಅದ್ರಲ್ಲಿ ಹತ್ತಿರ ಹತ್ತಿರ 88 ಪರ್ಸೆಂಟ್ ನೀರೇ, 100 ಗ್ರಾಂಗೆ 43 ಕ್ಯಾಲರಿ, ನಾರಿದೆ, ಪೊಟ್ಯಾಸಿಯಂ ಇದೆ, ರಕ್ತಕಣ ತಯಾರಾಗೋಕೆ ಬೇಕಾದ ಫೋಲೇಟ್ ಚೆನ್ನಾಗಿದೆ. ಬೆಲ್ಲದಲ್ಲಿ ಅಷ್ಟೇ ತೂಕಕ್ಕೆ 380ರ ಆಸುಪಾಸು ಕ್ಯಾಲರಿ, ಬಹುಪಾಲು ಸಕ್ಕರೆನೇ. ಒಂದ್ ಮಾತು, ಜ್ಯೂಸ್ ಸೋಸಿ ಕುಡೀಬೇಡಿ, ನಾರೆಲ್ಲಾ ಜರಡೀಲೇ ಉಳ್ಕೊಳುತ್ತೆ, ಪಲ್ಯನೋ ಕೋಸಂಬರಿನೋ ಮಾಡ್ಕೊಳಿ. ಮಾರ್ಕೆಟಲ್ಲಿ ಸೊಪ್ಪು ಕಿತ್ತು ಬಿಸಾಕೋಕೂ ಬಿಡ್ಬೇಡಿ, ಗೆಡ್ಡೆಗಿಂತ ಆ ಎಲೆಯಲ್ಲೇ ಕಬ್ಬಿಣ ಮೂರ್ಪಟ್ಟು ಇರೋದು. ಕಿಡ್ನಿ ಸ್ಟೋನ್ ಆಗಿದ್ದೋರು ಮಾತ್ರ ಸ್ವಲ್ಪ ಹುಷಾರು, ಗೆಡ್ಡೆ, ಎಲೆ ಎರಡ್ರಲ್ಲೂ ಕಲ್ಲು ಕಟ್ಟೋಕೆ ಕಾರಣ ಆಗೋ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ.

ಇನ್ನು ನಿಮ್ಮ 9.4ಕ್ಕೆ ಇವೆರಡೂ ಸಾಲಲ್ಲ. ಡಾಕ್ಟರಿಗೆ ತೋರಿಸಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳೋ ಫೆರಿಟಿನ್ ಟೆಸ್ಟ್ ಮಾಡಿಸಿ, ಮುಟ್ಟಲ್ಲಿ ಜಾಸ್ತಿ ಹೋಗ್ತಿದ್ರೆ ಅದನ್ನೂ ಮುಚ್ಚಿಡದೆ ಹೇಳಿ, ಮಾತ್ರೆ ಕೊಟ್ರೆ ತಪ್ಪದೆ ತಗೊಳ್ಳಿ. ಅಡುಗೇಲಿ ಹುರುಳಿ ಸಾರು, ದಂಟಿನ ಸೊಪ್ಪು, ರಾಗಿ ಇರಲಿ, ಮೇಲೆ ನಿಂಬೆಹಣ್ಣು ಹಿಂಡ್ಕೊಳಿ, ವಿಟಮಿನ್ ಸಿ ಇದ್ರೆ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತುತ್ತೆ. ಊಟ ಮುಗೀತಿದ್ದಂಗೆ ಕಾಫಿ ಕುಡಿಯೋ ಅಭ್ಯಾಸ ಇದ್ರೆ ಒಂದ್ ಗಂಟೆ ಮುಂದಕ್ಕೆ ಹಾಕಿ.

ಪ್ರಶ್ನೆ: ಹಾಗಾದ್ರೆ ಬೆಲ್ಲದ ಬದ್ಲು ಜೇನುತುಪ್ಪ ಒಳ್ಳೇದಾ? ಮಗುಗೂ ಕೊಡ್ಬಹುದಾ?
– ಓದುಗರು, ಶಿರಸಿ

ಉತ್ತರ: ಕಬ್ಬಿಣದ ಲೆಕ್ಕದಲ್ಲಿ ಜೇನು ಬೆಲ್ಲಕ್ಕಿಂತ ಹಿಂದೆ, 100 ಗ್ರಾಂಗೆ ಅರ್ಧ ಮಿ.ಗ್ರಾಂನೂ ಇಲ್ಲ. ರುಚಿಗೆ ಒಂದ್ ಚಮಚ ತಿನ್ನಿ. ಒಂದು ವರ್ಷ ತುಂಬದ ಮಗುಗೆ ನಾಲಿಗೆಗೆ ಸವರೋದೂ ಬೇಡ, ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ಬರೋ ಸಾಧ್ಯತೆ ಇರುತ್ತೆ.